ಕಾಳಕ್ಕನ ಕರೆಂಟು

ಭರಮಸಾಗರದ ಸಂತೆಯಲ್ಲಿ ಹಗ್ಗ ಮಾರುವವರ ಸಾಲು ಮುಗಿದು ಮಡಕೆಯವರ ಸಾಲು ಶುರುವಾಗುವ ಕಡೆ ಒಂದು ಹುಣಸೆಮರ ಇತ್ತು. ಅದರ ಬುಡದಲ್ಲಿ ಕಾಳಕ್ಕ ಕಂಬಳಿ ಹಾಸಿಕೊಂಡು ಕೂರುತ್ತಿದ್ದಳು. ಮುಂದೆ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯ ಬಲಕ್ಕೆ ಕಬ್ಬಿಣದ ಹಿಡಿಕೆ, ಎಡಕ್ಕೆ ಎರಡು ವೈರು, ಆ ವೈರುಗಳ ತುದಿಗೆ ಒಂದೊಂದು ಹಿತ್ತಾಳೆ ಕೊಳವೆ. ಕೊಳವೆಗಳನ್ನು ಎರಡು ಕೈಯಲ್ಲಿ ಹಿಡಿದು ಕುಂತರೆ ಕಾಳಕ್ಕ ಹಿಡಿಕೆ ತಿರುಗಿಸುತ್ತಿದ್ದಳು. ಮೊದಲು ಬೆರಳ ತುದಿಯಲ್ಲಿ ಇರುವೆ ಹರಿದಂತಾಗುತ್ತಿತ್ತು, ಆಮೇಲೆ ಮಣಿಕಟ್ಟು ಜುಮ್ಮೆನ್ನುತ್ತಿತ್ತು. ಇನ್ನೂ ಜೋರಾಗಿ ತಿರುಗಿಸಿದರೆ ಮೊಣಕೈತನಕ ಸೆಳೆಯುತ್ತಿತ್ತು. ಆಗ ಕೊಳವೆ ಬಿಡುತ್ತೇನೆಂದರೂ ಬೆರಳು ಬಿಚ್ಚುತ್ತಿರಲಿಲ್ಲ. ಅವಳು ಕೈ ನಿಲ್ಲಿಸಿದ ಮೇಲೇ ಬಿಡುಗಡೆ. ಇದಕ್ಕೆ ಜನ ‘ಕರೆಂಟು ಹಿಡಿಯೋದು’ ಅನ್ನುತ್ತಿದ್ದರು. ಹತ್ತು ಪೈಸೆ ಕೊಟ್ಟು ಹಿಡಿಯುತ್ತಿದ್ದರು.

ಇದು ಎಪ್ಪತ್ಮೂರನೇ ಇಸವಿಯ ಮಾತು. ಭರಮಸಾಗರದ ಅಂಗಡಿಬೀದಿಯಲ್ಲಿ ದೀಪ ಇತ್ತು. ಸುತ್ತಲ ಹಟ್ಟಿಗಳಲ್ಲಿ ಇರಲಿಲ್ಲ. ಕರೆಂಟು ಅನ್ನುವುದನ್ನು ಬಹಳ ಜನ ಕಂಬದ ಮೇಲಿನ ತಂತಿಯಲ್ಲಿ ನೋಡಿದ್ದರು, ಕೈಯಲ್ಲಿ ಹಿಡಿದು ನೋಡಿದ್ದು ಕಾಳಕ್ಕನ ಹತ್ತಿರವೇ.

ಪೆಟ್ಟಿಗೆ ತಂದವನು ಅವಳ ಗಂಡ ಪಾಲಯ್ಯ. ಕುರಿ ಸಾಕುವ ಮನೆತನದವನಾದರೂ ಅವನಿಗೆ ಕುರಿಯ ಹಿಂದೆ ಅಲೆಯುವುದು ಒಗ್ಗಲಿಲ್ಲ. ಟೆಲಿಫೋನ್ ಕಂಬ ಎತ್ತುವ ಕೂಲಿಗೆ ಸೇರಿದ್ದ. ಹಿಡಿಕೆ ತಿರುಗಿಸಿ ಗಂಟೆ ಬಾರಿಸುವ ಹಳೇ ಕಾಲದ ಫೋನು ಇರುತ್ತಿತ್ತಲ್ಲ, ಅದರ ತಂತಿಯನ್ನು ಒಮ್ಮೆ ಅವನು ಹಿಡಿದಿದ್ದಾಗ ಆ ಕಡೆಯಿಂದ ಯಾರೋ ಹಿಡಿಕೆ ತಿರುಗಿಸಿ, ಏಣಿಯಿಂದ ಬೀಳುವುದೊಂದು ಬಾಕಿ. ಮುಂದೆ ಚಿತ್ರದುರ್ಗದ ಗುಜರಿ ಅಂಗಡಿಯಲ್ಲಿ ಅಂಥದೇ ಫೋನಿನ ಹೊಟ್ಟೆಯೊಳಗಿನ ಸಾಮಾನು ಕಂಡಾಗ ಗುರುತು ಹಿಡಿದು ಕೊಂಡು ತಂದ. ಲಾಳದ ಆಕಾರದ ಅಯಸ್ಕಾಂತಗಳು, ನಡುವೆ ತಿರುಗುವ ತಾಮ್ರದ ತಂತಿಯ ಸುರುಳಿ, ಎರಡು ಹಲ್ಲಿನ ಚಕ್ರ. ಬಡಗಿಯ ಕೈಲಿ ಪೆಟ್ಟಿಗೆ ಮಾಡಿಸಿ ಸಂತೆಗೆ ಒಯ್ಯತೊಡಗಿದ.

ಪಾಲಯ್ಯ ಅದನ್ನು ಗಂಡಸರ ಆಟವಾಗಿ ನಡೆಸಿದ. “ಯಾರಪ್ಪ ಗಂಡು, ಬರ್ರಿ, ಹಿಡೀರಿ” ಅಂತ ಕೂಗುವುದು, ಹಿಡಿದವನು ಕಿರುಚುವತನಕ ಗರಗರ ತಿರುಗಿಸುವುದು, ಸುತ್ತ ನಿಂತವರು ನಗುವುದು. ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಹಳ್ಳಿಗಳಿಗೆ ದೀಪದ ಕಂಬ ನೆಡುವ ಕೆಲಸ ಜೋರಾಗಿ ಅವನು ಕಂಟ್ರಾಕ್ಟರೊಬ್ಬನ ಜೊತೆ ಹಿರಿಯೂರು ಕಡೆ ಹೋದ. ತಿಂಗಳಿಗೊಮ್ಮೆ ಮನೆಗೆ ಬಂದರೆ ಬಂದ. ಪೆಟ್ಟಿಗೆ ಮೂಲೆ ಸೇರಿತು.

ಕಾಳಕ್ಕ ಮನೆಯಲ್ಲಿ ಉಣ್ಣೆ ನೂಲುತ್ತಿದ್ದಳು. ಕಂಬಳಿ ನೇಯುವವರಿಗೆ ನೂಲು ಕೊಡಲು ಸಂತೆಗೆ ಹೇಗೂ ಹೋಗಬೇಕಿತ್ತು. ಒಂದು ವಾರ ನೂಲಿನ ಗಂಟಿನ ಜೊತೆ ಪೆಟ್ಟಿಗೆಯನ್ನೂ ಹೊತ್ತು ನಡೆದಳು. ಹೊತ್ತದ್ದೇನೋ ಹೊತ್ತಳು, ಕೂಗಲು ನಾಚಿಕೆಯಾಗಿ ಮರದ ಕೆಳಗೆ ಸುಮ್ಮನೆ ಕುಂತಿದ್ದಳು. ಮಡಕೆ ಮಾರುವ ಹೊನ್ನಕ್ಕ ಎಂಬ ಮುದುಕಿ ಬಂದು, “ನಿನ್ ಗಂಡ ಇದ್ದಾಗ ಹೆಂಗಸ್ರು ಹಿಡಿಯಂಗಿರ್ಲಿಲ್ಲ. ನಂಗೊಂದಿಷ್ಟು ಕೊಡವ್ವ, ಮೆಲ್ಲಕೆ” ಅಂದಳು.

ಕಾಳಕ್ಕ ಮೆಲ್ಲಗೆ ತಿರುಗಿಸಿದಳು. ನೂಲುವ ಕದಿರು ತಿರುಗಿಸಿ ಪಳಗಿದ ಕೈ, ಒಂದೇ ಸಮ ಹೋಗುತ್ತಿತ್ತು. ಪಾಲಯ್ಯ ತಿರುಗಿಸಿದರೆ ಒದ್ದಂತಾಗುತ್ತಿದ್ದ ಕರೆಂಟು ಇವಳ ಕೈಯಲ್ಲಿ ಹಿತವಾಗಿ ಜುಮುಗುಟ್ಟಿತು. ಹೊನ್ನಕ್ಕ ಕಣ್ಣು ಮುಚ್ಚಿಕೊಂಡು, “ಅಬ್ಬ, ಕೀಲೆಲ್ಲ ಸಡ್ಲಾತು ಕಣೇ” ಅಂದಳು. ಮುಂದಿನ ಸಂತೆಗೆ ಅವಳೇ ಮತ್ತಿಬ್ಬರನ್ನು ಕರೆತಂದಳು. ಅಲ್ಲಿಂದ ಹೆಂಗಸರು ಬರತೊಡಗಿದರು. ಮಂಡಿನೋವು, ಕೈ ಜೋಮು, ಭುಜ ಹಿಡಿದಿರುವುದು, ಒಬ್ಬೊಬ್ಬರದೂ ಒಂದೊಂದು. ವಾಸಿಯಾಗುತ್ತದೆ ಅಂತ ಕಾಳಕ್ಕ ಯಾವತ್ತೂ ಹೇಳಲಿಲ್ಲ. ಬಂದವರೇ ಹೇಳಿಕೊಳ್ಳುತ್ತಿದ್ದರು, ಅವಳು “ಆಗ್ಲಿ ತಾಯಿ” ಅನ್ನುತ್ತಿದ್ದಳು. ಬಸುರಿಯರಿಗೂ ಎದೆನೋವು ಅನ್ನುವವರಿಗೂ ಕೊಳವೆ ಕೊಡುತ್ತಿರಲಿಲ್ಲ. ಹಾಗೆ ಮಾಡೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ಬೇಡ ಅಂತ ಅವಳಿಗೇ ಅನ್ನಿಸಿತ್ತು. ಹೊಳಲ್ಕೆರೆ, ಬಿ.ದುರ್ಗ, ಇನ್ನೂ ಆ ಕಡೆಯ ಸಂತೆಗಳಿಗೂ ಹೋಗತೊಡಗಿದಳು.

ಭರಮಸಾಗರದಲ್ಲಿ ಅವಳ ಮರದ ಎದುರಿಗೇ ವೀರಮ್ಮನ ಬಜ್ಜಿ ಅಂಗಡಿ. ವೀರಮ್ಮ, ಅವಳ ಗಂಡ ಏಕಾಂತಪ್ಪ ಇಬ್ಬರೇ ನಡೆಸುತ್ತಿದ್ದರು. ಏಕಾಂತಪ್ಪ ಮಂಡಕ್ಕಿ ಕಲಸುವುದು, ಚಿಲ್ಲರೆ ಎಣಿಸುವುದು. ವೀರಮ್ಮ ಎಣ್ಣೆ ಬಾಣಲೆಯ ಮುಂದೆ ಕುಂತು ಮೆಣಸಿನಕಾಯಿ ಬಜ್ಜಿ ಬಿಡುವುದು. ಮಠಕ್ಕೆ ನಡೆದುಕೊಳ್ಳುವ ಮನೆಯವಳು, ಮಡಿವಂತಳು, ಮಾತು ಸ್ವಲ್ಪ ಬಿರುಸು. ಆದರೆ ಕಾಳಕ್ಕನಿಗೆ ಮಧ್ಯಾಹ್ನ ಎಲೆಯಲ್ಲಿ ಎರಡು ಬಜ್ಜಿ ತಪ್ಪುತ್ತಿರಲಿಲ್ಲ. ಸಂತೆ ಕರಗುವ ಹೊತ್ತಿಗೆ ವೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬಂದು, “ತಿರುಗ್ಸೇ ಕಾಳಕ್ಕ, ತೋಳು ಬಿದ್ದೋಗೈತೆ” ಅಂತ ಕಂಬಳಿಯ ಮೇಲೆ ಕೂರುವಳು.

ಹೀಗೆ ಕುಂತಿದ್ದ ಒಂದು ಸಂಜೆ ವೀರಮ್ಮ, “ಈ ಕಡಿಗೆ ಕಮ್ಮಿ ಬರ್ತೈತಲ್ಲೇ” ಅಂದಳು.

“ಯಾವ ಕಡಿಗೆ ಅಕ್ಕಾರೆ?”

“ಎಡಗಡಿಗೆ. ಬಲಗೈಗೆ ಸರಿ ಐತೆ. ಇಲ್ಲಿ ಕಿರುಬೆರಳಿಗೆ ಏನೂ ಇಲ್ಲ.”

ಕಾಳಕ್ಕ ಇನ್ನಷ್ಟು ಜೋರಾಗಿ ತಿರುಗಿಸಿದಳು. ವೀರಮ್ಮನ ಬಲಗೈ ಬೆರಳೆಲ್ಲ ಕೊಳವೆಗೆ ಬಿಗಿದುಕೊಂಡವು. ಎಡಗೈಯಲ್ಲಿ ಹೆಬ್ಬೆರಳೂ ಅದರ ಪಕ್ಕದವೂ ಬಿಗಿದವು. ಕಿರುಬೆರಳು, ಉಂಗುರದ ಬೆರಳು ಮಾತ್ರ ಹಾಗೇ ಸಡಿಲವಾಗಿ ಬಿದ್ದಿದ್ದವು. ಎಷ್ಟೋ ಜನರ ಕೈ ನೋಡಿದ್ದ ಕಾಳಕ್ಕನಿಗೆ ಇದು ಹೊಸದು. ಆ ಬೆರಳುಗಳ ಮೇಲೆ ಸುಟ್ಟ ಗುರುತುಗಳೂ ಇದ್ದವು, ಹಳೆಯವು ಕೆಲವು, ಇನ್ನೂ ಹಸಿಯಾದದ್ದು ಒಂದು. ಬಜ್ಜಿ ಬಿಡುವವರ ಕೈ ಸುಡುವುದು ಇದ್ದದ್ದೇ ಅಂದುಕೊಂಡಳು. ಪೆಟ್ಟಿಗೆಯೇ ಕೆಟ್ಟಿರಬೇಕು ಅನ್ನಿಸಿತು.

ಆ ವಾರ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದಳು. ಅಲ್ಲಿ ಮೋಟಾರಿಗೆ ತಂತಿ ಸುತ್ತುವ ಮುರುಗೇಶಪ್ಪ ಪಾಲಯ್ಯನಿಗೆ ಪರಿಚಯದವನು. ಬಾವಿಯ ಪಂಪಿನ ಮೋಟಾರುಗಳ ನಡುವೆ ಜಾಗ ಮಾಡಿಕೊಂಡು ಕುಂತಿದ್ದ. ಪೆಟ್ಟಿಗೆ ಬಿಚ್ಚಿ ನೋಡಿ, ಧೂಳು ಊದಿ, ಹಲ್ಲಿನ ಚಕ್ರಕ್ಕೆ ಒಂದು ಹನಿ ಎಣ್ಣೆ ಬಿಟ್ಟ. ಕೊಳವೆ ತಾನೇ ಹಿಡಿದು, “ತಿರುಗ್ಸವ್ವ” ಅಂದ. ಅವಳು ತಿರುಗಿಸಿದಳು. “ಸಾಕು ಸಾಕು! ಚೆನ್ನಾಗೈತೆ.”

“ಎರಡೂ ಕಡಿಗೆ ಸಮ ಬಂತಾ ಅಣ್ಣಾರೆ? ಎಡಗಡಿ ಕಮ್ಮಿ ಅಂತಾರೆ.”

ಮುರುಗೇಶಪ್ಪ ನಕ್ಕು, ಸುರುಳಿಯನ್ನು ಬೆರಳಿನಿಂದ ತೋರಿಸಿದ. “ಇದು ಒಂದೇ ತಂತಿ ಕಣವ್ವ. ಕೂದಲಷ್ಟು ಸಣ್ಣದು, ಮೊದಲಿಂದ ಕೊನೇತನಕ ಒಂದೇ. ಈ ತುದಿ ಒಂದು ಕೊಳವೆಗೆ, ಆ ತುದಿ ಇನ್ನೊಂದಕ್ಕೆ. ನೀನು ತಿರುಗ್ಸಿದಾಗ ಸುರುಳಿ ಈ ಅಯಸ್ಕಾಂತದ ಬಾಯಾಗೆ ತಿರುಗ್ತೈತೆ. ಅದರ ಎಳೆತ ತಂತೀನ ದಾಟಿದಂಗೆಲ್ಲ ತಂತ್ಯಾಗೆ ಕರೆಂಟು ಹುಟ್ತೈತೆ.”

“ನಾನು ತಿರುಗ್ಸದಿದ್ದಾಗ ಎಲ್ಲಿರ್ತೈತೆ?”

“ಎಲ್ಲೂ ಇರಲ್ಲ. ತಿರುಗಿದರೆ ಉಂಟು, ನಿಂತರೆ ಇಲ್ಲ. ಹುಟ್ಟಿದ್ದು ಹಿಡಿದೋರ ಒಂದು ಕೈಯಾಗೆ ಹೋಗಿ, ಮೈಯಾಗೆ ಹಾಯ್ದು, ಇನ್ನೊಂದು ಕೈಯಾಗೆ ಬರಬೇಕು. ಒಂದು ಕಡಿಗೆ ಜಾಸ್ತಿ, ಒಂದು ಕಡಿಗೆ ಕಮ್ಮಿ ಅಂತ ಆಗಂಗೇ ಇಲ್ಲ. ಹೋದಷ್ಟೂ ಬರ್ತೈತೆ.”

“ಮತ್ತೆ ಅವರಿಗೆ ಯಾಕೆ ಗೊತ್ತಾಗಲಿಲ್ಲ?”

“ಅದು ನಂಗೆ ಹೆಂಗೆ ಗೊತ್ತಾಗ್ತೈತವ್ವ? ಮುಂದಿನ ಸಲ ಕೊಳವೆ ಅದಲು ಬದಲು ಮಾಡಿ ಹಿಡಿಸಿ ನೋಡು. ಕಮ್ಮಿ ಅನ್ನೋದು ಕೊಳವೆ ಜೊತೆ ಇನ್ನೊಂದು ಕೈಗೆ ಹೋದರೆ ಪೆಟ್ಟಿಗೆ ತಗಂಡ್ ಬಾ. ಅದೇ ಕೈಯಾಗೆ ಉಳಿದರೆ ಪೆಟ್ಟಿಗೆದು ತಪ್ಪಿಲ್ಲ.”

ಮುಂದಿನ ಸಂತೆಯಲ್ಲಿ ಕಾಳಕ್ಕ ಹಾಗೇ ಮಾಡಿದಳು. ಎಡಗೈಯ ಕೊಳವೆಯನ್ನು ಬಲಗೈಗೆ, ಬಲಗೈಯದನ್ನು ಎಡಗೈಗೆ ಕೊಟ್ಟು ತಿರುಗಿಸಿದಳು. ಅವೇ ಎರಡು ಬೆರಳು ಸಡಿಲ ಬಿದ್ದವು. ಸುತ್ತ ಯಾರೂ ಇರಲಿಲ್ಲ. ಅವಳು ಕೈ ನಿಲ್ಲಿಸಿ ಹೇಳಿದಳು, “ಅಕ್ಕಾರೆ, ಪೆಟ್ಟಿಗೆ ಸರಿ ಐತೆ. ನಿಮ್ ಕೈಯಾಗೇ ಏನೋ ಆಗೈತೆ. ಒಂದು ಸಲ ಡಾಕ್ಟ್ರಿಗೆ ತೋರಿಸ್ರಿ.”

ವೀರಮ್ಮನ ಮುಖ ಕಪ್ಪಿಟ್ಟಿತು. ರವಿಕೆಯ ತೋಳನ್ನು ಮೊಣಕೈ ಕೆಳಗೆ ಜಗ್ಗಿಕೊಂಡಳು.

“ಏನಾಗೈತೆ ನನ್ ಕೈಗೆ? ಹತ್ತು ಜನರ ಮುಂದೆ ಹೇಳ್ಕೊಂಡ್ ತಿರುಗ್ತೀಯೇನು? ನಾನು ನಾಕು ಜನ ತಿನ್ನೋ ಪದಾರ್ಥ ಮಾಡೋಳು. ನನ್ ಅಂಗಡಿ ಮುಚ್ಚಿಸಬೇಕು ಅಂತ ಕುಂತೀಯಾ?”

“ನಾನ್ಯಾಕೆ ಹಂಗಂತೀನಿ ಅಕ್ಕಾರೆ...”

“ಮಾತಾಡಬೇಡ. ನಿನ್ ಪೆಟ್ಟಿಗೆ ಸಹವಾಸವೇ ಬೇಡ.”

ವೀರಮ್ಮ ಎದ್ದು ಹೋದಳು. ಕಾಳಕ್ಕನಿಗೆ ತಾನು ಆಡಿದ್ದರಲ್ಲಿ ಏನು ತಪ್ಪಿತ್ತೋ ತಿಳಿಯಲಿಲ್ಲ. ಮುಂದಿನ ಸಂತೆಯಲ್ಲಿ ಬಜ್ಜಿಯೂ ಬರಲಿಲ್ಲ, ಮಾತೂ ಇಲ್ಲ. ಎದುರುಬದುರು ಕುಂತವರು ಒಬ್ಬರನ್ನೊಬ್ಬರು ನೋಡದೆ ದಿನ ಕಳೆಯುವುದು ಕಷ್ಟ. ಕಾಳಕ್ಕ ಜಾಗ ಬದಲಿಸೋಣ ಅಂದುಕೊಂಡಳು. ಆದರೆ ಹಾಗೆ ಮಾಡಿದರೆ ಜನ ಯಾಕೆಂದು ಕೇಳುತ್ತಾರೆ, ಕೇಳಿದರೆ ಏನು ಹೇಳುವುದು ಅಂತ ಅಲ್ಲೇ ಕುಂತಳು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆ ತಿಂಗಳು ಮನೆಗೆ ಬಂದ ಪಾಲಯ್ಯನಿಗೆ ಹೇಳಿದಾಗ ಅವನು, “ಲೇ, ಅದು ದೊಡ್ಡ ರೋಗ ಇರಬೇಕು. ಸುಮ್ಕಿದ್ದುಬಿಡು” ಅಂದ. ಕುಷ್ಠಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ, ಹೆಸರು ಹಿಡಿದು ಹೇಳುವುದಿಲ್ಲ. ಕಾಳಕ್ಕನಿಗೆ ಆಗ ವೀರಮ್ಮನ ಸಿಟ್ಟು ಅರ್ಥವಾಯಿತು. ಜೊತೆಗೆ ಹೆದರಿಕೆಯೂ ಹುಟ್ಟಿತು. ತಾನು ವಾರವಾರವೂ ಕೊಟ್ಟ ಕರೆಂಟಿನಿಂದಲೇ ಅದು ಬಂದಿದ್ದರೆ?

ಆಮೇಲೆ ಒಂದು ಬೆಳಿಗ್ಗೆ ಏಕಾಂತಪ್ಪ ಸೈಕಲ್ ತುಳಿದುಕೊಂಡು ಕಾಳಕ್ಕನ ಹಟ್ಟಿಗೇ ಬಂದ. ಅವನು ಅಲ್ಲಿಗೆ ಬಂದದ್ದು ಅದೇ ಮೊದಲು. ಹೊರಗೆ ಕಲ್ಲಿನ ಮೇಲೆ ಕುಂತ, ನೀರು ಕೊಟ್ಟರೆ ಕುಡಿದ.

“ನಮ್ಮನೆಯೋಳು ನಿನ್ನೆ ಬಾಣಲೆ ಇಳಿಸೋವಾಗ ಅದರ ಕಿವೀನ ಎಡಗೈಲಿ ಹಿಡಿದಿದ್ದಾಳೆ. ಬಟ್ಟೆ ಜಾರಿತ್ತು. ಚರ್ಮ ಸುಟ್ಟ ವಾಸನೆ ನನಗೆ ಬಂತು, ಅವಳಿಗೆ ಗೊತ್ತೇ ಆಗಲಿಲ್ಲ. ನಾನು ಕೂಗಿದ ಮೇಲೆ ಬಿಟ್ಟಳು.” ಅವನು ಟವಲಿನಿಂದ ಕಣ್ಣೊರೆಸಿಕೊಂಡ. “ಊಟ ಬಿಟ್ಟು ಕುಂತವಳೆ. ಕೇಳಿದರೆ, ಕಾಳಕ್ಕ ಆವತ್ತೇ ಅಂದ್ಲು ಅಂತಾಳೆ. ನೀನೇನಂದಿದ್ದೆ ತಾಯಿ?”

ಕಾಳಕ್ಕ ಎಲ್ಲ ಹೇಳಿದಳು. ಮುರುಗೇಶಪ್ಪ ಹೇಳಿದ್ದನ್ನೂ, ಕೊಳವೆ ಬದಲಿಸಿದ್ದನ್ನೂ. ಕೊನೆಗೆ ಪಾಲಯ್ಯನ ಮಾತನ್ನೂ ಹೇಳಿದಳು.

ಏಕಾಂತಪ್ಪ ತಲೆ ಬಗ್ಗಿಸಿ ಕೇಳಿದ. “ಮೊಣಕೈ ಹತ್ರ ಒಂದು ಮಚ್ಚೆ ಐತೆ. ಎರಡು ವರ್ಷ ಆತು. ಹುಳುಕಡ್ಡಿ ಅಂತ ನಾವೂ ಸುಮ್ಕಿದ್ವಿ” ಅಂದ. ಎದ್ದು ನಿಂತು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು, “ನಾಳೆ ದುರ್ಗಕ್ಕೆ ಹೋಗಾಣ. ನೀನೂ ಬರ್ತೀಯಾ? ನೀನಿದ್ದರೆ ಅವಳು ಬರ್ತಾಳೆ” ಅಂದ.

“ನನ್ ಮುಖ ನೋಡಲ್ಲ ಅಂತಾರಲ್ಲ ಅಣ್ಣಾರೆ.”

“ನೋಡ್ತಾಳೆ ಬಾ.”

ಮಾರನೇ ದಿನ ಮೂವರೂ ಚಿತ್ರದುರ್ಗದ ಬಸ್ಸಿನಲ್ಲಿ ಕುಂತರು. ವೀರಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ಕಿಟಕಿ ಕಡೆ ಮುಖ ಮಾಡಿದ್ದಳು. ಊರು ಬರುವ ಹೊತ್ತಿಗೆ ಕಾಳಕ್ಕನ ಕೈ ಹಿಡಿದುಕೊಂಡು, “ಬೈದೆ ಕಣೇ” ಅಂದಳು.

ಆಸ್ಪತ್ರೆಯಲ್ಲಿ ವಿಚಾರಿಸಿದಾಗ ಹಿಂದುಗಡೆಯ ಒಂದು ಕೋಣೆಗೆ ಕಳಿಸಿದರು. ಅಲ್ಲಿ ಚಿತ್ತಯ್ಯ ಎಂಬಾತ ಇದ್ದ, ಊರೂರು ತಿರುಗಿ ಈ ರೋಗ ಹುಡುಕುವ ಸರ್ಕಾರದ ಕೆಲಸಗಾರ. ವೀರಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಕೋಳಿ ಪುಕ್ಕದಿಂದ ಅಲ್ಲಲ್ಲಿ ಸವರಿದ. ಸವರಿದ ಜಾಗವನ್ನು ಅವಳು ಬೆರಳಿಟ್ಟು ತೋರಿಸಬೇಕು. ಬಲಗೈಯಲ್ಲಿ ಎಲ್ಲ ತೋರಿಸಿದಳು. ಎಡಗೈಯ ಅಂಚಿಗೂ ಮಚ್ಚೆಯ ಮೇಲೂ ಸವರಿದಾಗ ಸುಮ್ಮನೆ ಕುಂತಿದ್ದಳು. ಪುಕ್ಕ ಓಡಾಡುತ್ತಿದ್ದುದು ಏಕಾಂತಪ್ಪನಿಗೂ ಕಾಳಕ್ಕನಿಗೂ ಕಾಣುತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಏಕಾಂತಪ್ಪ ಗೋಡೆ ಕಡೆ ತಿರುಗಿ ನಿಂತ. ಚಿತ್ತಯ್ಯ ಮೊಣಕೈ ಹಿಂದೆ ಬೆರಳಿಟ್ಟು ಅಲ್ಲಿಯ ನರ ದಪ್ಪಗಾಗಿದೆ ಅಂದ. ಡಾಕ್ಟರು ಬಂದು ನೋಡಿ ಅದೇ ರೋಗ ಅಂದರು.

ವೀರಮ್ಮ ಅಳಲಿಲ್ಲ. “ಅಂಗಡಿ?” ಅಂತ ಕೇಳಿದಳು.

“ನಿಮ್ಮದು ಇನ್ನೊಬ್ಬರಿಗೆ ಹರಡುವ ಜಾತಿಯದಲ್ಲ ಅಮ್ಮ” ಅಂದರು ಡಾಕ್ಟರು. “ಗುಳಿಗೆ ಕೊಡ್ತೀವಿ, ವರ್ಷಗಟ್ಟಲೆ ನುಂಗಬೇಕು, ಬಿಡಬಾರದು. ಸುಟ್ಟದ್ದು ಮಾಗಲಿ, ಆಮೇಲೆ ಅಂಗಡಿ ನಡೆಸ್ರಿ. ಎಡಗೈಲಿ ಬಿಸಿ ಮುಟ್ಟಬೇಡಿ. ಆ ಕೈಯನ್ನ ದಿನಾ ಕಣ್ಣಿನಿಂದ ನೋಡ್ಕೋಬೇಕು, ಅದು ತಾನಾಗಿ ಹೇಳಲ್ಲ.”

ಒಂದೇ ತಟ್ಟೆಯಲ್ಲಿ ಉಣ್ಣಬಹುದಾ ಅಂತ ಏಕಾಂತಪ್ಪ ಕೇಳಿದ. ಉಣ್ಣಬಹುದು ಅಂದರು. ಕಾಳಕ್ಕ ಬಾಗಿಲ ಹತ್ತಿರ ನಿಂತು ಚಿತ್ತಯ್ಯನನ್ನು ಕೇಳಿದಳು, “ನಾನು ಇವರಿಗೆ ಕರೆಂಟು ಹಿಡಿಸ್ತಿದ್ದೆ ಸಾರ್. ಅದರಿಂದ ಬಂತಾ?”

ಪೆಟ್ಟಿಗೆಯ ವಿಷಯ ಕೇಳಿ ಚಿತ್ತಯ್ಯನಿಗೆ ಆಶ್ಚರ್ಯವಾಯಿತು. “ಇಲ್ಲಮ್ಮ, ಅದರಿಂದ ಬರಲ್ಲ. ಇದು ಒಂದು ಹುಳ, ಕಣ್ಣಿಗೆ ಕಾಣದ್ದು.”

“ಮತ್ತೆ ಕೀಲುನೋವು ಹೋಗ್ತೈತಾ ಅದರಿಂದ?”

“ಅದೂ ಇಲ್ಲ.”

ಅವಳು ಅದನ್ನು ಹಾಗೇ ಒಪ್ಪಿಕೊಂಡಳು. ಮುಂದಿನ ಸಂತೆಯಿಂದ ಬಂದವರಿಗೆ, “ನೋವು ಹೋಗಲ್ಲ ತಾಯಿ, ಬೇಕಾದ್ರೆ ಹಿಡೀರಿ” ಅನ್ನತೊಡಗಿದಳು. ಕೆಲವರು ಬಿಟ್ಟರು, ಬಹಳ ಜನ ಬಿಡಲಿಲ್ಲ. ಹೊನ್ನಕ್ಕನಂತೂ, “ನಿನಗೇನು ಗೊತ್ತು, ಕೀಲು ನಂದು” ಅಂತ ಜಗಳಕ್ಕೇ ಬಂದಳು. ಕಾಳಕ್ಕ ತಿರುಗಿಸುತ್ತಲೇ ಪ್ರತಿಯೊಬ್ಬರ ಬೆರಳು ನೋಡುತ್ತಿದ್ದಳು.

ವೀರಮ್ಮ ಒಂದು ತಿಂಗಳಾದ ಮೇಲೆ ಬಾಣಲೆಯ ಮುಂದೆ ಬಂದು ಕುಂತಳು. ಮರದ ಹಿಡಿ ಹಾಕಿಸಿದ ಉದ್ದನೆಯ ಜಾಲರಿ ಸೌಟು ತಂದಿದ್ದಳು. ಬಾಣಲೆ ಇಳಿಸುವ ಕೆಲಸ ಏಕಾಂತಪ್ಪನದಾಯಿತು. ಎಣ್ಣೆ ಕಾದು ಮೊದಲ ಬಜ್ಜಿ ಎದ್ದಾಗ ಕಾಳಕ್ಕ ಯಾರೂ ಕರೆಯದೆಯೇ ಹೋಗಿ ನಿಂತು, “ನಂದೆಲ್ಲಿ ಅಕ್ಕಾರೆ?” ಅಂದಳು. ಸಂತೆಯಲ್ಲಿ ಒಂದಿಷ್ಟು ಗುಸುಗುಸು ಆಯಿತು. ಕೆಲವರು ಆಮೇಲೆ ಆ ಅಂಗಡಿಯ ಕಡೆ ಬರಲಿಲ್ಲ. ಏಕಾಂತಪ್ಪ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಯಾರಾದರೂ ನೇರವಾಗಿ ಕೇಳಿದರೆ, “ಗುಳಿಗೆ ತಗಳ್ತಾಳೆ, ಡಾಕ್ಟ್ರು ಅಂಗಡಿ ನಡೆಸು ಅಂದವರೆ” ಅಂತ ಇದ್ದದ್ದನ್ನೇ ಹೇಳುತ್ತಿದ್ದ.

ಅದಾದ ಮರುವರ್ಷ ಹೊಸದುರ್ಗದ ಕಡೆಯ ಒಂದು ಸಂತೆಯಲ್ಲಿ, ಕೊಳವೆ ಹಿಡಿದ ಒಬ್ಬ ಹೆಂಗಸಿನ ಬಲಗೈ ಪೂರಾ ಸುಮ್ಮನಿದ್ದದ್ದು ಕಾಳಕ್ಕನಿಗೆ ಕಂಡಿತು. ಈ ಸಲ ಅವಳು ರೋಗದ ಮಾತೆತ್ತಲಿಲ್ಲ. ಊರು ಕೇಳಿಕೊಂಡು, ಚಿತ್ತಯ್ಯನಿಗೆ ಹೇಳಿ ಕಳಿಸಿದಳು. ಚಿತ್ತಯ್ಯ ಆ ಊರಿಗೆ ಹೋದರೆ ಹೆಂಗಸರು ಬಾಗಿಲು ಹಾಕಿಕೊಂಡರು. ಪರಗಂಡಸಿನ ಮುಂದೆ ತೋಳು, ಬೆನ್ನು ತೋರಿಸುವವರು ಯಾರು? ಅವನು ಮರಳಿ ಬಂದು, “ಕಾಳಮ್ಮ, ನೀನೇ ಒಂದು ಸಲ ಜೊತೆಗೆ ಬಾ” ಅಂದ. ಅವಳು ಹೋದಳು. ಕೋಣೆಯೊಳಗೆ ಅವಳು ನೋಡುವುದು, ಅನುಮಾನ ಬಂದದ್ದನ್ನು ಹೊರಗಿದ್ದ ಅವನಿಗೆ ಹೇಳುವುದು. ಆ ಹೆಂಗಸಿನ ಜೊತೆ ಅದೇ ಮನೆಯ ಅತ್ತೆಗೂ ರೋಗ ಇರುವುದು ಗೊತ್ತಾಯಿತು. ಸೊಸೆ ಗುಳಿಗೆಗೆ ಬಂದಳು, ಅತ್ತೆ ಏನು ಮಾಡಿದರೂ ಬರಲಿಲ್ಲ. ಕಾಳಕ್ಕ ಇನ್ನೂ ಎರಡು ಸಲ ಹೋಗಿ ಕರೆದಳು. ಮೂರನೇ ಸಲ ಆ ಮುದುಕಿ ನಾಯಿ ಬಿಟ್ಟಳು.

ಅಲ್ಲಿಂದ ಕಾಳಕ್ಕ ಚಿತ್ತಯ್ಯನ ತಂಡದ ಜೊತೆ ತಿರುಗುವುದು ಹೆಚ್ಚಾಯಿತು. ಮೊದಲು ಸುಮ್ಮನೆ, ಆಮೇಲೆ ದಿನಗೂಲಿಯ ಮೇಲೆ. ಅಷ್ಟರಲ್ಲಿ ಹಟ್ಟಿಗಳಿಗೂ ಕಂಬ ಬಂದವು, ಅವಳ ಹಟ್ಟಿಯ ಕಂಬದ ಗುಣಿಯನ್ನು ಪಾಲಯ್ಯನೇ ತೋಡಿದ. ಮನೆಯಲ್ಲಿ ಗುಂಡಿ ಒತ್ತಿದರೆ ದೀಪ ಹತ್ತುವಾಗ ಸಂತೆಯಲ್ಲಿ ಕರೆಂಟು ಹಿಡಿಯಲು ಯಾರಿಗೂ ಆಸೆ ಉಳಿಯಲಿಲ್ಲ. ಪೆಟ್ಟಿಗೆಯನ್ನು ಪಾಲಯ್ಯ ಬಿಚ್ಚಿ, ತಾಮ್ರವನ್ನು ಮುರುಗೇಶಪ್ಪನಿಗೆ ಕೊಟ್ಟ. ಕಾಳಕ್ಕ ಬೇಡ ಅನ್ನಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಡಾಕ್ಟರು ವೀರಮ್ಮನಿಗೆ ಗುಳಿಗೆ ಸಾಕು ಅಂದರು. ಮಚ್ಚೆ ಮಾಸಿತ್ತು, ರೋಗ ಮುಂದೆ ಹೋಗಿರಲಿಲ್ಲ. ಆ ಎರಡು ಬೆರಳಿಗೆ ಮಾತ್ರ ಸ್ಪರ್ಶ ಮರಳಲಿಲ್ಲ, ಸ್ವಲ್ಪ ಬಾಗಿಯೇ ಉಳಿದವು. ಆವತ್ತೂ ಮೂವರು ಒಟ್ಟಿಗೇ ದುರ್ಗಕ್ಕೆ ಹೋಗಿದ್ದರು. ವಾಪಸು ಬರುವಾಗ ಬಸ್ಸು ಕೆಟ್ಟು ದಾರಿಯಲ್ಲಿ ನಿಂತಿತು. ಸ್ವಲ್ಪ ಹೊತ್ತು ಕಾದು ನೋಡಿ ಇಳಿದು ನಡೆದರು. ಏಕಾಂತಪ್ಪ ಮುಂದೆ, ಇವರಿಬ್ಬರು ಹಿಂದೆ. ಕಡಲೆಹಿಟ್ಟಿನ ಬೆಲೆ ಏರಿದ್ದರ ಬಗ್ಗೆ ವೀರಮ್ಮ ಊರು ಬರುವತನಕ ಬೈಯುತ್ತಲೇ ಬಂದಳು. ಕಾಳಕ್ಕ ಹೂಂ ಹೂಂ ಅನ್ನುತ್ತಾ ನಡೆದಳು.